ವಾಷ್‌ಬೇಸಿನ್ನಿಗೆ ಯಾವ ನಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಮನೆ ಕಟ್ಟುವವರು ಟೈಲ್ಸಿಗೆ ನಾಲ್ಕು ದಿನ ಸುತ್ತುತ್ತಾರೆ, ಬಣ್ಣಕ್ಕೆ ವಾರ ಯೋಚಿಸುತ್ತಾರೆ, ನಲ್ಲಿಯನ್ನು ಮಾತ್ರ ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮನೆಮಂದಿಯೆಲ್ಲ ಕೈ ಹಾಕುವ ವಸ್ತು ಅದು. ಗಿರಾಕಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೂ, ಅಂಗಡಿಯಲ್ಲಿ ನಿಂತು ಪೂರ್ತಿ ಹೇಳಲು ಪುರಸೊತ್ತಾಗದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ನಲ್ಲಿ ಕೊಳ್ಳುವ ಮುನ್ನ ಮೊದಲು ಏನನ್ನು ನೋಡಬೇಕು?

ನಿಮ್ಮ ಮನೆಯ ನೀರನ್ನು. ಅಂಗಡಿಯ ಗೋಡೆಯ ಮೇಲೆ ಎಲ್ಲ ನಲ್ಲಿಗಳೂ ಒಂದೇ ರೀತಿ ಹೊಳೆಯುತ್ತವೆ, ಏಕೆಂದರೆ ಅವುಗಳಲ್ಲಿ ನೀರು ಹರಿಯುತ್ತಿರುವುದಿಲ್ಲ. ಬಂದವರಿಗೆ ನಾನು ಮೊದಲು ಕೇಳುವುದು ಮೂರು ಮಾತು: ನೀರು ಬೋರ್‌ವೆಲ್ಲಿನದೋ ನಗರಸಭೆಯದೋ? ಓವರ್‌ಹೆಡ್ ಟ್ಯಾಂಕ್ ನಿಮ್ಮ ಬಚ್ಚಲಿನಿಂದ ಎಷ್ಟು ಎತ್ತರದಲ್ಲಿದೆ? ಬೇಸಿನ್ನಿನಲ್ಲಿ ನಲ್ಲಿಗೆಂದು ಎಷ್ಟು ತೂತುಗಳಿವೆ? ಇವು ಮೂರೂ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಹೋಗುತ್ತದೆ. ಬಜೆಟ್, ಬಣ್ಣ, ವಿನ್ಯಾಸವೆಲ್ಲ ಆಮೇಲಿನ ಮಾತು.

ಪಿಲ್ಲರ್ ಕಾಕ್, ಬೇಸಿನ್ ಮಿಕ್ಸರ್, ಸಿಂಗಲ್ ಲಿವರ್ ಎನ್ನುತ್ತಾರೆ. ಏನು ವ್ಯತ್ಯಾಸ?

ಪಿಲ್ಲರ್ ಕಾಕ್ ಎಂದರೆ ಬೇಸಿನ್ನಿನ ಮೇಲೆ ಕಂಬದ ಹಾಗೆ ನೆಟ್ಟಗೆ ನಿಲ್ಲುವ, ತಣ್ಣೀರು ಮಾತ್ರ ಬರುವ ನಲ್ಲಿ. ಬೇಸಿನ್ ಮಿಕ್ಸರಿನಲ್ಲಿ ಬಿಸಿನೀರು ತಣ್ಣೀರು ಎರಡೂ ಒಂದೇ ಬಾಯಲ್ಲಿ ಬೆರೆತು ಬರುತ್ತವೆ. ಆ ಮಿಕ್ಸರಿಗೆ ಎರಡು ತಿರುಪುಗಳ ಬದಲು ಒಂದೇ ಹಿಡಿ ಇದ್ದರೆ ಅದು ಸಿಂಗಲ್ ಲಿವರ್. ಹಿಡಿಯನ್ನು ಎತ್ತಿದಷ್ಟೂ ನೀರು ಹೆಚ್ಚು, ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಿರುಗಿಸಿದರೆ ತಣ್ಣಗೆ. ಗೋಡೆಯಿಂದ ಹೊರಡುವ ನಲ್ಲಿಯೂ ಇದೆ. ಅದರ ಹೊಟ್ಟೆಯೆಲ್ಲ ಗೋಡೆಯೊಳಗೆ ಇರುವುದರಿಂದ ಟೈಲ್ಸ್ ಹಾಕುವುದಕ್ಕೆ ಮೊದಲೇ ತೀರ್ಮಾನಿಸಬೇಕು. ಮುಂದೆ ಕೆಟ್ಟರೆ ಟೈಲ್ಸ್ ಒಡೆಯುವ ಪ್ರಸಂಗ ಬರಬಹುದು, ಹಾಗಾಗಿ ಬಿಡಿಭಾಗ ಸುಲಭವಾಗಿ ಸಿಗುವ ಕಂಪನಿಯದಲ್ಲದೆ ಬೇರೆಯದನ್ನು ಗೋಡೆಯೊಳಗೆ ಹುದುಗಿಸಬೇಡಿ.

ನಮ್ಮದು ಮೇಲಿನ ಮಹಡಿ. ದುಬಾರಿ ನಲ್ಲಿ ಹಾಕಿಸಿದರೂ ನೀರು ದಾರದಂತೆ ಬರುತ್ತದೆ. ನಲ್ಲಿ ಕೆಟ್ಟಿದೆಯೇ?

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ನನಗೆ ಅತ್ಯಂತ ಹೆಚ್ಚು ಬರುವ ದೂರು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಬರುವುದು ಎತ್ತರದಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಎಂದು ಲೆಕ್ಕ. ಮೇಲಿನ ಮಹಡಿಯ ಮನೆಯನ್ನು ನೆನೆಸಿಕೊಳ್ಳಿ. ಬೇಸಿನ್ನಿನ ನಲ್ಲಿಯಿಂದ ತಾರಸಿಗೆ ಎರಡು ಮೀಟರ್, ಅದರ ಮೇಲೆ ಟ್ಯಾಂಕ್ ಕೂರಿಸಿದ ಕಟ್ಟೆ ಒಂದು ಮೀಟರ್. ಒಟ್ಟು ಮೂರು ಮೀಟರ್, ಅಂದರೆ 0.3 ಬಾರ್. ಟ್ಯಾಂಕ್ ತುಂಬಿದ್ದಾಗ ತುಸು ಹೆಚ್ಚು, ಅಷ್ಟೇ. ಆದರೆ ಸಿಂಗಲ್ ಲಿವರ್ ಮಿಕ್ಸರುಗಳಲ್ಲಿ ಬಹಳಷ್ಟಕ್ಕೆ ಕನಿಷ್ಠ ಅರ್ಧ ಬಾರ್, ಕೆಲವಕ್ಕೆ ಒಂದು ಬಾರ್ ಬೇಕು. ಅವುಗಳೊಳಗಿನ ದಾರಿ ಕಿರಿದು, ತಳದ ಬಳುಕುವ ಪೈಪು ಇನ್ನೂ ಕಿರಿದು. ಅದೇ ನಲ್ಲಿಯನ್ನು ಅದೇ ಕಟ್ಟಡದ ನೆಲಮಹಡಿಯಲ್ಲಿ ಕೂರಿಸಿ ನೋಡಿ, ಚೆನ್ನಾಗಿ ಸುರಿಯುತ್ತದೆ.

ನಾಲ್ಕು ವರ್ಷದ ಹಿಂದೆ ಒಬ್ಬ ಶಿಕ್ಷಕ ದಂಪತಿ ಇಂಥ ನಲ್ಲಿಯನ್ನು ಬಿಚ್ಚಿಸಿ ಕೈಯಲ್ಲೇ ಹಿಡಿದು ತಂದರು. ಹೊಸ ಮನೆ, ಗೃಹಪ್ರವೇಶವಾಗಿ ಇಪ್ಪತ್ತು ದಿನ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಮುಖ ತೊಳೆಯಲು ಚೆಂಬು ಹಿಡಿಯಬೇಕಾಗಿ ಬಂತಲ್ಲ ಎಂದು ಆ ತಾಯಿ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಮಾರುವ ಮೊದಲು ಟ್ಯಾಂಕಿನ ಎತ್ತರವನ್ನು ಕೇಳಿದ್ದರೆ ಅವರಿಗೆ ಆ ಕಷ್ಟ ಬರುತ್ತಿರಲಿಲ್ಲ. ಅಂದಿನಿಂದ ಕೇಳದೆ ಯಾರಿಗೂ ಮಾರಿಲ್ಲ.

ಪರಿಹಾರಗಳಿವೆ. ಮೊದಲು ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ಬಿಚ್ಚಿ ನೋಡಿ, ಕಸ ಕಟ್ಟಿದ್ದರೆ ಅಲ್ಲೇ ಸಮಸ್ಯೆ ಮುಗಿಯಿತು. ಬೇಸಿನ್ನಿನ ಕೆಳಗೆ ಗೋಡೆಯಲ್ಲಿರುವ, ನಲ್ಲಿಗೆ ನೀರು ಬಿಡುವ ಸಣ್ಣ ತಿರುಪು, ಅಂದರೆ ಆ್ಯಂಗಲ್ ಕಾಕ್, ಪೂರ್ತಿ ತೆರೆದಿದೆಯೇ ನೋಡಿ. ಇವೆರಡೂ ಸರಿಯಿದ್ದು ನೀರು ಸಣ್ಣಗೇ ಬರುತ್ತಿದ್ದರೆ ಸಾದಾ ಪಿಲ್ಲರ್ ಕಾಕ್ ಹಾಕಿಸುವುದು ಒಳ್ಳೆಯದು, ಅದರ ಒಳದಾರಿ ಅಗಲ. ಮಿಕ್ಸರೇ ಬೇಕೆಂದರೆ ಪೆಟ್ಟಿಗೆಯ ಮೇಲೆ ಅಥವಾ ಒಳಗಿನ ಹಾಳೆಯಲ್ಲಿ ಕನಿಷ್ಠ ಒತ್ತಡ ಎಷ್ಟೆಂದು ಓದಿ, ಕಡಿಮೆ ಒತ್ತಡಕ್ಕೆ ಆಗುವಂಥದ್ದನ್ನು ಆರಿಸಿ. ಮನೆ ಇನ್ನೂ ಕಟ್ಟುತ್ತಿದ್ದರೆ ಟ್ಯಾಂಕಿನ ಕಟ್ಟೆಯನ್ನು ಎತ್ತರಿಸಿ, ಟ್ಯಾಂಕಿನಿಂದ ಬಚ್ಚಲಿನವರೆಗೆ ದಪ್ಪ ಪೈಪು ತನ್ನಿ. ಪ್ರೆಷರ್ ಪಂಪು ಕೊನೆಯ ದಾರಿ. ಅದಕ್ಕೆ ಕರೆಂಟು ಬೇಕು, ಸದ್ದು ಮಾಡುತ್ತದೆ, ಜೊತೆಗೆ ಇನ್ನೊಂದು ತೊಡಕೂ ಇದೆ. ಅದನ್ನು ಸೋಲಾರಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಹಿತ್ತಾಳೆ ಎಂದು ಹೇಳಿ ಬೇರೇನೋ ಕೊಡುತ್ತಾರಂತೆ. ಗುರುತಿಸುವುದು ಹೇಗೆ?

ನಲ್ಲಿಯನ್ನು ತಲೆಕೆಳಗು ಮಾಡಿ. ಮೇಲೆಲ್ಲ ಕ್ರೋಮ್ ಲೇಪನ ಇರುತ್ತದೆ, ಆದರೆ ತಳದಲ್ಲಿ, ತ್ರೆಡ್ ಕೊರೆದ ಜಾಗದಲ್ಲಿ, ಸಾಮಾನ್ಯವಾಗಿ ಒಳಗಿನ ಲೋಹ ಬರಿಮೈಯಲ್ಲಿ ಕಾಣುತ್ತದೆ. ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣ ಕಂಡರೆ ಸತುವಿನ ಮಿಶ್ರಲೋಹ. ಒಂದೇ ಅಳತೆಯ ಎರಡು ನಲ್ಲಿಗಳನ್ನು ಎರಡು ಕೈಯಲ್ಲಿ ಹಿಡಿದರೆ ಹಿತ್ತಾಳೆಯದು ಭಾರ. ಆಯಸ್ಕಾಂತ ತರುವವರೂ ಇದ್ದಾರೆ, ಅದರಿಂದ ಪ್ರಯೋಜನವಿಲ್ಲ; ಹಿತ್ತಾಳೆಗೂ ಅಂಟುವುದಿಲ್ಲ, ಸತುವಿಗೂ ಅಂಟುವುದಿಲ್ಲ.

ಸತುವಿನ ದೇಹದ ನಲ್ಲಿಯ ಲೇಪನ ಒಂದು ಕಡೆ ಬಿಟ್ಟರೆ ಸಾಕು, ನೀರು ಒಳಸೇರಿ ಲೋಹವನ್ನು ತಿನ್ನುತ್ತದೆ. ಎರಡು ಮೂರು ವರ್ಷದಲ್ಲಿ ಬುಡ ಪುಡಿಪುಡಿಯಾಗಿ ಕೈಗೆ ಬಂದದ್ದನ್ನು ನೋಡಿದ್ದೇನೆ. ಹಿಡಿಯೊಂದು ಸತುವಿನದಾಗಿದ್ದರೆ ಚಿಂತೆಯಿಲ್ಲ, ಒಳ್ಳೆಯ ನಲ್ಲಿಗಳಲ್ಲೂ ಹಾಗೇ ಇರುತ್ತದೆ. ಅದರೊಳಗೆ ನೀರು ಹರಿಯುವುದಿಲ್ಲ. ನೀರು ಹರಿಯುವ ದೇಹ ಹಿತ್ತಾಳೆಯದಿರಬೇಕು. 304 ದರ್ಜೆಯ ಸ್ಟೀಲಿನದೂ ಒಳ್ಳೆಯದೇ.

ಪ್ಲಾಸ್ಟಿಕ್ ನಲ್ಲಿಯನ್ನು ಹೀನಾಯವಾಗಿ ನೋಡಬೇಡಿ. ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ತುಕ್ಕು ಹಿಡಿಯುವುದಿಲ್ಲ, ಉಪ್ಪುನೀರಿಗೆ ಹೆದರುವುದಿಲ್ಲ, ಬೆಲೆ ಹಿತ್ತಾಳೆಯದಕ್ಕಿಂತ ಬಹಳ ಕಡಿಮೆ. ಬಾಡಿಗೆ ಮನೆ, ಅಂಗಳದ ಬೇಸಿನ್, ಕರಾವಳಿಯ ಉಪ್ಪುಗಾಳಿ ಬಡಿಯುವ ಮನೆಗಳಿಗೆ ನಾನೇ ಮುಂದಾಗಿ ಅದನ್ನು ಹೇಳುತ್ತೇನೆ.

ಐಎಸ್‌ಐ ಗುರುತು ಇದ್ದರೆ ಸಾಕೇ?

ಇರಲೇಬೇಕು, ಆದರೆ ಗುರುತು ಕಂಡ ಕೂಡಲೇ ನಂಬಬೇಡಿ. ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ ಇರುತ್ತದೆ. ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹದ ಅಲಂಕಾರಿಕ ನಲ್ಲಿ ಮತ್ತು ಮಿಕ್ಸರುಗಳಿಗೆ ಐಎಸ್ 8931, ಪ್ಲಾಸ್ಟಿಕ್ಕಿನವಕ್ಕೆ ಐಎಸ್ 9763. ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಇನ್ನೂ ಜಾರಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಸರಿಯಾದ ಮಾಲು ಇಟ್ಟಿರುವ ಯಾವ ವ್ಯಾಪಾರಿಯೂ ಬೇಸರಿಸಿಕೊಳ್ಳುವುದಿಲ್ಲ.

ಬೋರ್‌ವೆಲ್ ನೀರು. ಆರು ತಿಂಗಳಲ್ಲಿ ನಲ್ಲಿ ಬಿಳಿಚಿಕೊಳ್ಳುತ್ತದೆ. ಯಾವುದನ್ನು ಹಾಕಿಸಲಿ?

ಗಡಸು ನೀರಿನಲ್ಲಿ ಕರಗಿರುವ ಸುಣ್ಣದಂಶ, ಹನಿ ಆರಿದ ಮೇಲೆ ಅಲ್ಲೇ ಉಳಿದು ಪರೆಗಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು ಎಂದಿದೆ. ನಮ್ಮ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯೇಳದೆ ಮೊಸರಿನಂತೆ ಒಡೆಯುವುದನ್ನು ನೀವೂ ನೋಡಿರುತ್ತೀರಿ. ಅದೇ ಗಡಸುತನ.

ಇಂಥ ಮನೆಗೆ ಕಪ್ಪು ಬಣ್ಣದ ನಲ್ಲಿ ಬೇಡವೇ ಬೇಡ. ಈಗ ಎಲ್ಲರೂ ಕೇಳುವುದು ಅದನ್ನೇ, ಆದರೂ ಹೇಳುತ್ತೇನೆ: ಕಪ್ಪಿನ ಮೇಲೆ ಒಂದೊಂದು ಹನಿಯ ಕಲೆಯೂ ರಂಗೋಲಿ ಪುಡಿ ಚೆಲ್ಲಿದಂತೆ ಕಾಣುತ್ತದೆ, ಉಜ್ಜಿದರೆ ಅಗ್ಗದ ಲೇಪನ ಎದ್ದುಹೋಗುತ್ತದೆ. ಬಂಗಾರದ ಬಣ್ಣದ್ದು ಬೇಕೆಂದರೆ ಪಿವಿಡಿ ವಿಧಾನದ ಲೇಪನವೇ ಎಂದು ಕೇಳಿ ಕೊಳ್ಳಿ, ಅದು ಗಟ್ಟಿ. ಎಲ್ಲಕ್ಕಿಂತ ಸುಲಭ, ನುಣುಪಾದ ಸಾದಾ ಕ್ರೋಮ್. ಸಂದುಗೊಂದು, ಕೆತ್ತನೆ ಇಲ್ಲದ ಆಕಾರ ಆರಿಸಿ. ರಾತ್ರಿ ಮಲಗುವ ಮುನ್ನ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಕಲೆ ಕೂರುವುದೇ ಇಲ್ಲ.

ಕಲೆ ಕೂತುಬಿಟ್ಟಿದ್ದರೆ ನಿಂಬೆಹಣ್ಣಿನ ಹೋಳು ಅಥವಾ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಸುತ್ತಿ, ತೊಳೆದು, ಒರೆಸಿ. ಟೈಲ್ಸ್ ತೊಳೆಯುವ ಆಸಿಡ್ ಒಂದು ಹನಿಯೂ ನಲ್ಲಿಗೆ ತಾಗಬಾರದು. ಕ್ರೋಮ್ ಕಪ್ಪಾಗಿ ಸುಲಿದು ಬರುತ್ತದೆ. ಹಿತ್ತಾಳೆ ಪಾತ್ರೆಯ ಅಭ್ಯಾಸದಿಂದ ಹುಣಸೆಹಣ್ಣು ಹಾಕಿ ನಾರಿನಿಂದ ತಿಕ್ಕುವವರಿದ್ದಾರೆ. ಹುಣಸೆಹಣ್ಣಿಗಿಂತ ಆ ನಾರೇ ಹೆಚ್ಚು ಗೀರು ಹಾಕುತ್ತದೆ.

ಸೆರಾಮಿಕ್ ಡಿಸ್ಕ್ ಎಂದರೆ ಏನು? ರಬ್ಬರ್ ವಾಷರಿನ ಹಳೆಯ ನಲ್ಲಿಯೇ ಒಳ್ಳೆಯದಲ್ಲವೇ?

ಹಳೆಯ ನಲ್ಲಿಯಲ್ಲಿ ತಿರುಪು ತಿರುಗಿಸಿದಂತೆ ರಬ್ಬರ್ ವಾಷರ್ ಇಳಿದು ನೀರಿನ ದಾರಿಯನ್ನು ಅದುಮುತ್ತದೆ. ವಾಷರ್ ಸವೆದಾಗ ಇನ್ನಷ್ಟು ಬಿಗಿಯುತ್ತೇವೆ, ಅದು ಇನ್ನಷ್ಟು ಸವೆಯುತ್ತದೆ. ಹೊಸದರಲ್ಲಿ ಎರಡು ಗಟ್ಟಿ ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಎರಡರ ತೂತುಗಳೂ ಎದುರುಬದುರಾದರೆ ನೀರು, ಸರಿದರೆ ಬಂದ್. ಪಿಲ್ಲರ್ ಕಾಕಿನಲ್ಲಾದರೆ ಕಾಲು ಸುತ್ತು ತಿರುಗಿಸಿದರೆ ಸಾಕು. ಬಿಗಿಯುವ ಕೆಲಸವೇ ಇಲ್ಲ.

ಅದರ ಒಂದೇ ಶತ್ರು ಮರಳು. ಒಮ್ಮೆ ತೊಟ್ಟಿಕ್ಕುತ್ತಿದ್ದ ಹೊಸ ನಲ್ಲಿಯನ್ನು ಬಿಚ್ಚಿ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಕನ್ನಡಿಯಂಥ ನುಣುಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು, ಅದರ ತುದಿಯಲ್ಲಿ ಸಿಕ್ಕಿಕೊಂಡ ಒಂದು ಮರಳ ಕಣ, ಸಾಸಿವೆಯ ಕಾಲುಭಾಗದಷ್ಟು. ಇಡೀ ರಾತ್ರಿ ನೀರು ಹನಿಯಲು ಅಷ್ಟು ಸಾಕಾಗಿತ್ತು. ಹೊಸ ಮನೆಯಲ್ಲಿ ನಲ್ಲಿ ಕೂರಿಸುವ ಮುನ್ನ ಪೈಪನ್ನು ಐದು ನಿಮಿಷ ಬಕೆಟ್ಟಿಗೆ ಬಿಟ್ಟು ಸಿಮೆಂಟು, ಮರಳು, ಪೈಪಿನ ಚೂರು ಎಲ್ಲ ಹೋಗುವಂತೆ ಹರಿಸಿ ಎಂದು ಹೇಳುವುದು ಇದಕ್ಕೇ. ಬಹಳ ಪ್ಲಂಬರುಗಳು ಅವಸರದಲ್ಲಿ ಇದನ್ನು ಬಿಡುತ್ತಾರೆ. ಎದುರು ನಿಂತು ಮಾಡಿಸಿ.

ಬಿಲ್ಲೆ ಕೆಟ್ಟರೆ ಇಡೀ ನಲ್ಲಿ ಎಸೆಯಬೇಕಿಲ್ಲ, ಬಿಲ್ಲೆಗಳಿರುವ ಒಳಗಿನ ಡಬ್ಬಿ, ಅಂದರೆ ಕಾರ್ಟ್ರಿಜ್ ಒಂದನ್ನು ಬದಲಿಸಿದರಾಯಿತು. ಆದರೆ ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ಆದ್ದರಿಂದ ಕೊಳ್ಳುವಾಗಲೇ ಕೇಳಿ: ಇದರ ಕಾರ್ಟ್ರಿಜ್ ನಮ್ಮ ಊರಿನಲ್ಲಿ ಬಿಡಿಯಾಗಿ ಸಿಗುತ್ತದೆಯೇ?

ಸೋಲಾರ್ ಬಿಸಿನೀರು ಇದೆ. ಬೇಸಿನ್ನಿಗೂ ಮಿಕ್ಸರ್ ಬೇಕೇ?

ಕೊಡಗು, ಚಿಕ್ಕಮಗಳೂರಿನ ಚಳಿಗೆ ಬೇಕಾಗಬಹುದು. ವಯಸ್ಸಾದವರು ಇರುವ ಮನೆಗೂ ಬೇಕು. ಮಿಕ್ಕ ಬಯಲುಸೀಮೆಯ ಮನೆಗಳಲ್ಲಿ ಬೇಸಿನ್ನಿನ ಬಿಸಿನೀರಿನ ಪೈಪು ವರ್ಷದಲ್ಲಿ ಹತ್ತು ದಿನವೂ ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ನೋಡಿ: ತಾರಸಿಯಿಂದ ಬರುವ ಅರ್ಧ ಇಂಚಿನ ಪೈಪು ಹತ್ತು ಮೀಟರ್ ಇದ್ದರೆ ಅದರೊಳಗೆ ಒಂದರಿಂದ ಎರಡು ಲೀಟರ್ ತಣ್ಣಗಾದ ನೀರು ನಿಂತಿರುತ್ತದೆ. ಬಿಸಿ ಬರುವಷ್ಟರಲ್ಲಿ ಮುಖ ತೊಳೆದು ಮುಗಿದಿರುತ್ತದೆ, ಆ ನೀರೂ ಹೋಯಿತು, ಹಿಂದೆ ಬಂದ ಬಿಸಿ ಪೈಪಿನಲ್ಲೇ ಆರಿತು.

ಸಿಂಗಲ್ ಲಿವರ್ ಇದ್ದರೆ ಹಿಡಿಯನ್ನು ನಡುವೆ ಬಿಡುವ ಅಭ್ಯಾಸ ಬೇಡ. ನಡುವೆ ಇದ್ದರೆ ಪ್ರತಿ ಸಲ ಕೈ ತೊಳೆಯುವಾಗಲೂ ಬಿಸಿನೀರಿನ ಕಡೆಯಿಂದ ಅರ್ಧ ಎಳೆಯುತ್ತದೆ. ಪೂರ್ತಿ ಬಲಕ್ಕೆ ಇಡಿ.

ಇನ್ನು ಆಗ ಹೇಳಿದ ಪಂಪಿನ ತೊಡಕು. ತಣ್ಣೀರಿನ ಪೈಪಿಗೆ ಮಾತ್ರ ಪ್ರೆಷರ್ ಪಂಪು ಹಾಕಿಸಿ, ಸೋಲಾರಿನ ಬಿಸಿನೀರು ಟ್ಯಾಂಕಿನ ಎತ್ತರದಿಂದಷ್ಟೇ ಇಳಿಯುತ್ತಿದ್ದರೆ, ಮಿಕ್ಸರಿನಲ್ಲಿ ಎರಡೂ ಸೇರಿದಾಗ ತಣ್ಣೀರು ಬಿಸಿನೀರಿನ ಪೈಪಿನೊಳಕ್ಕೆ ನುಗ್ಗುತ್ತದೆ. ಬಿಸಿ ಬರುವುದೇ ಇಲ್ಲ. ಜನ ಸೋಲಾರ್ ಕೆಟ್ಟಿದೆ ಎಂದು ರಿಪೇರಿಯವರನ್ನು ಕರೆಸುತ್ತಾರೆ. ಎರಡು ಕಡೆಯೂ ಒತ್ತಡ ಸಮವಿರಬೇಕು, ನೀರು ಹಿಂದಕ್ಕೆ ಹರಿಯದಂತೆ ಎನ್‌ಆರ್‌ವಿ ಎಂಬ ಒಮ್ಮುಖ ವಾಲ್ವ್ ಕೂರಿಸಿರಬೇಕು.

ನಲ್ಲಿಯ ಎತ್ತರ, ಉದ್ದ ಎಷ್ಟಿರಬೇಕು?

ನೀರು ಬೇಸಿನ್ನಿನಿಂದ ಹೊರಹೋಗುವ ತೂತಿನ ಹತ್ತಿರ, ಸ್ವಲ್ಪ ಮುಂದೆ ಬಿದ್ದರೆ ಸರಿ. ನಲ್ಲಿಯ ಮೂತಿ ಗಿಡ್ಡವಾಗಿದ್ದರೆ ಕೈ ತೊಳೆಯುವಾಗ ಬೆರಳು ಹಿಂದಿನ ಪಿಂಗಾಣಿಗೆ ತಾಗುತ್ತದೆ, ನೀರು ಹಿಂಬದಿಯಲ್ಲೇ ಹರಿದು ಪಾಚಿ ಕಟ್ಟುತ್ತದೆ. ಉದ್ದವಾದರೆ ಅಂಗಿಯೆಲ್ಲ ಒದ್ದೆ. ಮಾಮೂಲಿ ಬೇಸಿನ್ನಿಗೆ ಮೂತಿಯ ಉದ್ದ 10ರಿಂದ 13 ಸೆಂಟಿಮೀಟರ್ ಹೊಂದುತ್ತದೆ. ಕಲ್ಲಿನ ಮೇಲೆ ಬಟ್ಟಲಿನಂತೆ ಕೂರಿಸುವ ಟೇಬಲ್ ಟಾಪ್ ಬೇಸಿನ್ನಾದರೆ ಎತ್ತರದ ದೇಹದ ನಲ್ಲಿಯೇ ಬೇಕು, ಬಟ್ಟಲಿನ ಅಂಚಿಗಿಂತ ಒಂದು ಗೇಣಿನೊಳಗೆ ಮೇಲಿರಲಿ. ಅದಕ್ಕಿಂತ ಎತ್ತರವಾದರೆ ಆಳವಿಲ್ಲದ ಬಟ್ಟಲಿನಿಂದ ನೀರು ಎಗರಿ ಕನ್ನಡಿಯವರೆಗೂ ಹಾರುತ್ತದೆ.

ನಂಬಿಗಸ್ತ ದಾರಿ ಒಂದೇ. ಮೊದಲು ಬೇಸಿನ್ ಕೊಳ್ಳಿ, ಅದರ ಅಳತೆ ಬರೆದುಕೊಂಡು ಬಂದು ನಲ್ಲಿ ಆರಿಸಿ. ನಲ್ಲಿ ಕೂರಿಸುವ ತೂತು ಸಾಮಾನ್ಯವಾಗಿ 35 ಮಿಲಿಮೀಟರ್ ಇರುತ್ತದೆ, ಆದರೂ ಅಳೆಯಿರಿ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ಯಾವುದು ಅನುಕೂಲ?

ಉದ್ದ ಹಿಡಿ ಇರುವಂಥದ್ದು. ನನ್ನ ಅಮ್ಮನಿಗೆ ಕೈಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಮನೆಯಲ್ಲಿದ್ದದ್ದು ದುಂಡು ತಿರುಪಿನ ನಲ್ಲಿ. ಸೋಪು ಹಚ್ಚಿದ ಕೈಯಲ್ಲಿ ತಿರುಗಿಸಲಾಗದೆ ಅವರು ಸೆರಗನ್ನು ಸುತ್ತಿ ತಿರುಗಿಸುತ್ತಿದ್ದರು. ನಲ್ಲಿ ಮಾರುವ ಮನೆಯಲ್ಲೇ ಅದು ನನ್ನ ಕಣ್ಣಿಗೆ ಬೀಳಲು ಎರಡು ವರ್ಷ ಬೇಕಾಯಿತು, ಇವತ್ತಿಗೂ ಆ ನೋವಿದೆ. ಹಿಡಿ ಇರುವ ನಲ್ಲಿಯನ್ನು ಮೊಣಕೈಯಿಂದಲೂ ತೆರೆಯಬಹುದು. ಸಣ್ಣ ಮಕ್ಕಳಿಗೂ ಅದೇ ಸುಲಭ. ಅಂಗಡಿಗೆ ಹಿರಿಯರನ್ನೇ ಕರೆತನ್ನಿ, ಅವರೇ ತಿರುಗಿಸಿ ನೋಡಲಿ.

ಸೆನ್ಸರ್ ನಲ್ಲಿ ಮನೆಗೆ ಆಗುತ್ತದೆಯೇ?

ಹೋಟೆಲು, ಆಸ್ಪತ್ರೆಗೆ ಬಹಳ ಒಳ್ಳೆಯದು. ಮನೆಗೆ ಅಗತ್ಯ ಕಾಣೆ. ಬ್ಯಾಟರಿ ಮುಗಿದ ದಿನ ನೀರಿಲ್ಲ. ಕಲ್ಯಾಣಮಂಟಪ, ಶಾಲೆಗಳಿಗೆ ಒತ್ತಿದರೆ ಬಂದು ತಾನೇ ನಿಲ್ಲುವ ಪುಶ್ ನಲ್ಲಿ ಹಾಕಿಸಿ, ನಿಲ್ಲಿಸಲು ಮರೆಯುವ ಮಾತೇ ಇಲ್ಲ.

ಏರೇಟರ್ ಹಾಕಿದರೆ ನಿಜವಾಗಿ ನೀರು ಉಳಿಯುತ್ತದೆಯೇ?

ಏರೇಟರ್ ಎಂದರೆ ನಲ್ಲಿಯ ಬಾಯಿಗೆ ಹಾಕುವ ಜಾಲರಿ. ನೀರು ಉಳಿಯುತ್ತದೆ, ಕಣ್ಣಾರೆ ಅಳೆಯಬಹುದು. ಒಂದು ಲೀಟರಿನ ಜಗ್ಗು ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ಐದು ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್. ಇಪ್ಪತ್ತು ಸೆಕೆಂಡು ಹಿಡಿದರೆ 3 ಲೀಟರ್. ಕೈ ತೊಳೆಯಲು 3 ಲೀಟರಿನ ಹರಿವು ಧಾರಾಳ. ಏರೇಟರ್ ನೀರಿಗೆ ಗಾಳಿ ಬೆರೆಸುವುದರಿಂದ ಧಾರೆ ತೆಳುವೆನಿಸುವುದಿಲ್ಲ, ಎಗರುವುದೂ ಕಡಿಮೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಒಣಗಿ ನೀರಿಗೆ ಹಾಹಾಕಾರವೆದ್ದಾಗ ಬೆಂಗಳೂರು ಜಲಮಂಡಳಿಯು ಮಾಲು, ಹೋಟೆಲು, ಅಪಾರ್ಟ್‌ಮೆಂಟುಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಕಡ್ಡಾಯವಿಲ್ಲದ ಊರಿನಲ್ಲೂ ಹಾಕಿಸಿ.

ಎರಡು ಎಚ್ಚರಿಕೆ. ಮೇಲೆ ಹೇಳಿದ 0.3 ಬಾರಿನ ಮನೆಗೆ ನೀರು ಇನ್ನಷ್ಟು ಕಡಿಮೆ ಮಾಡುವ ಏರೇಟರ್ ಬೇಡ, ಅಲ್ಲಿ ಹರಿವು ಆಗಲೇ ಸಣ್ಣದಿರುತ್ತದೆ. ಗಡಸು ನೀರಿನ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಹೊಸದು ಕೊಳ್ಳುವಾಗ ಹಳೆಯದನ್ನು ಜೊತೆಗೆ ತನ್ನಿ. ಸಾಮಾನ್ಯವಾಗಿ ತ್ರೆಡ್ ಹೊರಗಿರುವುದು 24 ಮಿಲಿಮೀಟರ್, ಒಳಗಿರುವುದು 22.

ನಲ್ಲಿ ತೊಟ್ಟಿಕ್ಕುತ್ತಿದೆ. ಸಣ್ಣ ವಿಷಯ ತಾನೆ, ಮುಂದಿನ ತಿಂಗಳು ನೋಡೋಣವೇ?

ಬೇಡ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಹಿಡಿದರೂ ನಾಲ್ಕು ಲೀಟರಿಗೆ ಮೇಲಾಯಿತು, ವರ್ಷಕ್ಕೆ ಒಂದೂವರೆ ಸಾವಿರ ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಷರ್ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಬೇಸಿನ್ನಿನ ನಲ್ಲಿಯ ನೀರನ್ನು ಕುಡಿಯಬಹುದೇ?

ಬಾಯಿ ಮುಕ್ಕಳಿಸಲು ಅಡ್ಡಿಯಿಲ್ಲ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲೆಂದು ಅದರಲ್ಲಿ ಸ್ವಲ್ಪ ಸೀಸ ಬೆರೆಸುವುದುಂಟು. ರಾತ್ರಿಯೆಲ್ಲ ಒಳಗೆ ನಿಂತ ನೀರನ್ನು ಬೆಳಿಗ್ಗೆ ಕೆಲವು ಸೆಕೆಂಡು ಹರಿಯಲು ಬಿಟ್ಟು ಆಮೇಲೆ ಬಳಸಿ, ಮುಖ್ಯವಾಗಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ. ಆ ನೀರನ್ನು ಚೆಂಬಿನಲ್ಲಿ ಹಿಡಿದು ಗಿಡಕ್ಕೆ ಹಾಕಬಹುದು.

ಪ್ಲಂಬರ್ ಬಂದಾಗ ನಾವು ಏನನ್ನು ಗಮನಿಸಬೇಕು?

ಪೈಪು ಹರಿಸಿ ತೊಳೆದರೇ ಎಂಬುದನ್ನು ಮೊದಲು. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ ಬಂದಿದೆಯೇ ನೋಡಿ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ರಬ್ಬರ್ ವಾಷರ್ ಇರುತ್ತದೆ, ಅಲ್ಲಿ ಟೆಫ್ಲಾನ್ ಟೇಪ್ ಸುತ್ತಬೇಕಿಲ್ಲ; ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಅತಿಯಾಗಿ ಬಿಗಿದರೆ ವಾಷರ್ ಕತ್ತರಿಸಿಹೋಗುತ್ತದೆ. ಪೈಪು ಎಲ್ಲೂ ಮಡಚಿಕೊಂಡಿರಬಾರದು, ಗಿಡ್ಡವಾಯಿತೆಂದು ಎಳೆದು ಸೇರಿಸಲೂ ಬಾರದು. ಹದಿನೆಂಟು ಇಂಚಿನದು ಸಾಲದಿದ್ದರೆ ಇಪ್ಪತ್ತನಾಲ್ಕು ಇಂಚಿನದು ತರಿಸಿ. ಕೆಲಸ ಮುಗಿದ ಮೇಲೆ ಬೇಸಿನ್ನಿನ ಕೆಳಗೆ ಒಂದು ಹಳೆಯ ಪತ್ರಿಕೆ ಹಾಸಿ, ಆ್ಯಂಗಲ್ ಕಾಕ್ ಪೂರ್ತಿ ತೆರೆದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಪತ್ರಿಕೆಯ ಮೇಲೆ ಒಂದೇ ಒಂದು ಒದ್ದೆಯ ಗುರುತು ಕಂಡರೂ ಪ್ಲಂಬರಿಗೆ ಫೋನ್ ಮಾಡಿ. ಬಿಲ್ಲು, ವಾರಂಟಿ ಕಾರ್ಡಿನ ಜೊತೆ ನಲ್ಲಿಯ ಮಾದರಿ ಸಂಖ್ಯೆ ಇರುವ ಪೆಟ್ಟಿಗೆಯ ಚೂರನ್ನೂ ಕತ್ತರಿಸಿ ಇಟ್ಟುಕೊಳ್ಳಿ. ಏಳೆಂಟು ವರ್ಷದ ನಂತರ ಕಾರ್ಟ್ರಿಜ್ ಕೇಳಿಕೊಂಡು ಬಂದಾಗ ನಮಗೆ ಬೇಕಾಗುವುದು ಆ ಸಂಖ್ಯೆಯೇ.